ಬೊಗ್ನಾರ್ ಇಲ್ಲೇಶ್ ಒಡೆದ ಅಣೆಕಟ್ಟು

ಬೊಗ್ನಾರ್ ಇಲ್ಲೇಶ್ ನನ್ನ ಬೋರ್ಡಿಂಗ್ ಮನೆಗೆ ಬಂದಾಗ ಅವನ ಹತ್ತಿರ ಒಂದು ಹಳೇ ಟ್ರಂಕು ಮತ್ತು ಊರಿಗೆಲ್ಲ ಹಂಚುವಷ್ಟು ಜಂಭ ಇದ್ದವು. ಹಾಲಿವುಡ್ಡಿನಲ್ಲಿ ಆಗ ನಿಂಬೆ ತೋಟಗಳ ನಡುವೆ ಸ್ಟುಡಿಯೋಗಳು ಏಳುತ್ತಿದ್ದವು. ಅಲ್ಲಿ ದುಡಿಯುವ ನಮ್ಮ ಹಂಗೇರಿಯ ಹುಡುಗರೆಲ್ಲ ಉಣ್ಣುತ್ತಿದ್ದದ್ದು ನನ್ನ ಕೈ ಅಡುಗೆಯನ್ನೇ.

"ಇಲ್ಕಾ ಚಿಕ್ಕಮ್ಮ, ಬುಡಾಪೆಸ್ಟ್‌ನಲ್ಲಿ ನನ್ನಂಥ ಕ್ಯಾಮೆರಾದವನು ಇನ್ನೊಬ್ಬ ಇರ್ಲಿಲ್ಲ," ಎಂದ.

"ಹಾಗಾದ್ರೆ ಅಲ್ಲೇ ಇರ್ಬೇಕಿತ್ತಪ್ಪ. ಕಾಲು ಒರೆಸ್ಕೊಂಡು ಒಳಗೆ ಬಾ," ಎಂದೆ.

ನಿಜ ಹೇಳಬೇಕೆಂದರೆ ಅವನಿಗೆ ಕೆಲಸ ಗೊತ್ತಿತ್ತು. ಆಗಿನ ಕ್ಯಾಮೆರಾದ ಹಿಡಿಯನ್ನು ಕೈಯಲ್ಲೇ ತಿರುಗಿಸಬೇಕು. ವೇಗ ಒಂದೇ ಸಮ ಇರಲೆಂದು ಪ್ರತಿಯೊಬ್ಬನೂ ಯಾವುದಾದರೊಂದು ಹಾಡು ಗುನುಗುತ್ತಿದ್ದ. ಅಮೆರಿಕದವರು ಸಿಪಾಯಿಗಳ ನಡಿಗೆಯ ಹಾಡು ಹಿಡಿದರೆ ನಮ್ಮವನು ಮದುವೆ ಮನೆಯ ಚಾರ್ದಾಶ್ ಹಿಡಿದ. ಆ ಕುಣಿತವೋ, ಮೆಲ್ಲಗೆ ಶುರುವಾಗಿ ಕೊನೆಗೆ ಮೈಮೇಲೆ ದೇವರು ಬಂದ ಹಾಗೆ ಓಡುತ್ತದೆ. ಹಾಡಿನ ಜೊತೆ ಅವನ ಕೈಯೂ ಓಡಿತು.

ತೆಗೆಯುವಾಗ ಕೈ ಜೋರಾದಷ್ಟೂ ಪರದೆಯ ಮೇಲೆ ಎಲ್ಲವೂ ನಿಧಾನವಾಗುತ್ತದೆ. ಸ್ಟುಡಿಯೋದಲ್ಲಿ ಅವನು ತೆಗೆದ ಮೊದಲ ಚಿತ್ರದಲ್ಲೇ ಕಳ್ಳನನ್ನು ಅಟ್ಟಿಸಿಕೊಂಡು ಹೋದ ಕುದುರೆಗಳು ಕಲಸಿದ ಹಿಟ್ಟಿನಲ್ಲಿ ಕಾಲು ಹೂತಂತೆ ತೇಲಾಡಿದವು. ನಿರ್ದೇಶಕ ವಿಟ್ಕಂ ಕೆಂಡಾಮಂಡಲವಾದ.

"ಇದೇನು ಕಳ್ಳನ್ನ ಹಿಡಿಯೋದೋ, ಹೆಣದ ಮೆರವಣಿಗೆಯೋ? ಇನ್ಮೇಲೆ ಕ್ಯಾಮೆರಾ ಮುಟ್ಬೇಡ. ಸ್ಟ್ಯಾಂಡ್ ಹೊತ್ಕೊಂಡಿರು. ಹಾಡು ಕೇಳಿಸ್ತೋ, ಗೇಟಿನಾಚೆ!"

ಅವತ್ತು ಇಲ್ಲೇಶ್ ಗಸಗಸೆ ಶಾವಿಗೆಯನ್ನು ಮುಟ್ಟಲಿಲ್ಲ. ಊರಿಗೆ ಹೊರಟುಬಿಡುತ್ತೇನೆ ಎಂದ.

"ಹೋಗಿ ನಿಮ್ಮಮ್ಮಂಗೆ ಏನಂತೀಯ? ಕುದುರೆ ನಿಧಾನ ಓಡ್ತು ಅಂತಲಾ?" ಎಂದು ಗದರಿಸಿದೆ. ಬಾಯಲ್ಲಿ ಬೈದರೂ ಶಾವಿಗೆಯನ್ನು ಮತ್ತೆ ಬಿಸಿ ಮಾಡಿ ಅವನ ಮುಂದಿಟ್ಟೆ.

ಸ್ಟ್ಯಾಂಡ್ ಹೊರುತ್ತಲೇ ಚಳಿಗಾಲ ಕಳೆದ. ವಸಂತದಲ್ಲಿ ವಿಟ್ಕಂ ಪ್ರವಾಹದ ಚಿತ್ರಕ್ಕೆ ಕೈಹಾಕಿದ. ಸ್ಟುಡಿಯೋ ಹಿತ್ತಲಲ್ಲಿ ಸೊಂಟದೆತ್ತರದ ಪ್ಲಾಸ್ಟರ್ ಅಣೆಕಟ್ಟು ಕಟ್ಟಿಸಿ, ಅದರ ಕೆಳಗೆ ಬೆಂಕಿಪೊಟ್ಟಣದಂಥ ಮನೆಗಳನ್ನು ಇಡಿಸಿದ. ಹಿರಿಯ ಕ್ಯಾಮೆರಾಮನ್ ಅದು ಒಡೆಯುವುದನ್ನು ತೆಗೆದ. ಪರದೆಯ ಮೇಲೆ ನೋಡಿದರೆ ಯಾರೋ ಬಟ್ಟೆ ಒಗೆದ ನೀರು ಚೆಲ್ಲಿದಂತಿತ್ತು. ಎರಡನೆಯದನ್ನು ಕಟ್ಟಿದರು. ಇದೂ ಕೆಟ್ಟರೆ ಮೂರನೆಯದನ್ನು ಕಟ್ಟಿಸಲು ಮಾಲೀಕರು ಸುತರಾಂ ಒಪ್ಪಲಿಲ್ಲ.

ಎರಡನೆಯದನ್ನು ಒಡೆಯುವ ದಿನ ನಾನು ಹುಡುಗರ ಊಟ ತೆಗೆದುಕೊಂಡು ಅಲ್ಲಿಗೆ ಹೋಗಿದ್ದೆ. ಇಲ್ಲೇಶ್ ಹೆಗಲ ಮೇಲಿನ ಸ್ಟ್ಯಾಂಡನ್ನು ಕೆಳಗಿಟ್ಟು ವಿಟ್ಕಂನ ಎದುರು ನಿಂತ.

"ಸಾರ್, ನನ್ನ ಹಾಡಿಗೆ ಕುದುರೆಗಳೇ ನಿಧಾನ ಆದ್ವು. ನೀರು ಆಗಲ್ವಾ? ಗುಡ್ಡದಷ್ಟು ನೀರು ಬೀಳೋದು ನಿಧಾನಕ್ಕೇ ತಾನೇ?"

ವಿಟ್ಕಂ ಅವನನ್ನು ದುರುಗುಟ್ಟಿ ನೋಡಿದ. "ಕೆಡಿಸಿದ್ರೆ?"

"ನೀವು ಹೇಳೋದೇ ಬೇಡ, ನಾನೇ ಗೇಟು ದಾಟ್ತೀನಿ. ಹಾಡಿಗೆ ಕಾವು ಏರ್ಲಿ, ನಾನು ಕೈ ಎತ್ತಿದಾಗ ನೀರು ಬಿಡಿ."

ವಿಟ್ಕಂ ಕ್ಯಾಮೆರಾದತ್ತ ಕೈ ತೋರಿಸಿದ. ಇಲ್ಲೇಶ್ ಅದರ ಹಿಂದೆ ನಿಂತು ಹಾಡತೊಡಗಿದ. ಶುರುವಿಗೆ ತಾಳ ತಪ್ಪಿತು. ನನ್ನಿಂದ ಸುಮ್ಮನಿರಲಾಗಲಿಲ್ಲ, ಬುಟ್ಟಿ ಕೆಳಗಿಟ್ಟು ಚಪ್ಪಾಳೆ ತಟ್ಟಿದೆ. ಬಡಗಿ ಕೆಲಸದ ನಮ್ಮ ಹುಡುಗರು ಹಿಮ್ಮಡಿಯಿಂದ ನೆಲ ಬಡಿದರು. ಹಾಡು ಏರಿತು, ಹಿಡಿ ಕಣ್ಣಿಗೆ ಕಾಣದಷ್ಟು ಜೋರಾಗಿ ತಿರುಗಿತು. ಇಲ್ಲೇಶ್ ಎಡಗೈ ಎತ್ತಿದ. ಅಣೆಕಟ್ಟು ಒಡೆಯಿತು.

ಮಾರನೆಯ ದಿನ ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ಅದನ್ನು ನಮಗೆಲ್ಲ ತೋರಿಸಿದರು. ಬಿಳಿ ಗೋಡೆ ಮೆಲ್ಲಗೆ ಬಾಯಿಬಿಟ್ಟಿತು. ನೀರು ಎದ್ದು ನಿಂತು, ಬಾಗಿ, ಇಡೀ ಊರನ್ನು ನುಂಗಿತು. ವಿಟ್ಕಂ ಎರಡೂ ಕಾಲುಗಳನ್ನು ಕುರ್ಚಿಯ ಮೇಲೆ ಎತ್ತಿಕೊಂಡಿದ್ದ! ನಾನು ನಗುತ್ತಲೇ ಅತ್ತೆ.

ಆಮೇಲೆ ಇಲ್ಲೇಶ್ ಹಡಗು ಮುಳುಗಿಸಿದ, ಸೇತುವೆ ಉರುಳಿಸಿದ, ಜ್ವಾಲಾಮುಖಿ ಉಕ್ಕಿಸಿದ. ಪರದೆಯ ಮೇಲೆ ಅವನ ಹೆಸರು ಬಂದಾಗೆಲ್ಲ ನಮ್ಮ ಹುಡುಗರು ಶಿಳ್ಳೆ ಹೊಡೆಯುತ್ತಿದ್ದರು. ಜಂಭ ಮಾತ್ರ ಒಂದು ಕೂದಲಿನಷ್ಟೂ ಇಳಿಯಲಿಲ್ಲ, ಇಳಿಯುವುದು ನನಗೂ ಬೇಕಿರಲಿಲ್ಲ.

ಹಡಗು ಮುಳುಗಿಸುವ ದಿನ ನೋಡಲು ಊರಿಗೆ ಊರೇ ಸೇರಿತ್ತು. ನಾಯಕಿ ಯಾರ ಜೊತೆಗೋ ಕಿಲಕಿಲ ನಗುತ್ತಿದ್ದಳು, ಮಾಲೀಕರು ಸಿಗಾರ್ ಸೇದುತ್ತ ಹರಟುತ್ತಿದ್ದರು. ವಿಟ್ಕಂ ಏಣಿ ಹತ್ತಿ, ಕೂಗುವ ತಗಡಿನ ತುತ್ತೂರಿ ಬಾಯಿಗಿಟ್ಟು ಕಿರುಚಿದ.

"ಎಲ್ಲರೂ ಬಾಯಿ ಮುಚ್ಚಿ! ಬೊಗ್ನಾರ್ ಹಾಡ್ತಾನೆ."