ಕುಂಕುಮಕ್ಕೆ ಏಳದ ಕೈ

ವಿಮೆ ಕಂಪನಿಯಿಂದ ಬಂದಿದ್ದ ಆ ಹೆಂಗಸಿನ ಕೋಟು ಕಂದು ಬಣ್ಣದ್ದೆಂದು ನನ್ನ ನೆನಪು. ಬೂದು ಇದ್ದರೂ ಇದ್ದೀತು. ನಾವು ಪರದೇಶದ ಈ ಮಿಲ್ಟನ್ ಊರಿನ ಹೊಸ ಮನೆಗೆ ಬಂದು ಆಗ ಒಂದು ಚಳಿಗಾಲ ಕಳೆದಿತ್ತೋ ಎರಡೋ, ಅದೂ ಖಚಿತವಿಲ್ಲ. ಅತ್ತೆಯ ಬಲಗೈಯ ವಿಷಯ ಮಾತ್ರ ಮರೆತಿಲ್ಲ. ಆ ವರ್ಷವೆಲ್ಲ ಅವರ ತಲೆ ಬಾಚಿದವಳು ನಾನು.

ಫ್ಲೂ ಇಂಜೆಕ್ಷನ್ನಿಗೆಂದು ಕ್ಲಿನಿಕ್ಕಿಗೆ ಹೋಗಿದ್ದೆವು. ಯಾವ ತೋಳು ಎಂದು ನರ್ಸ್ ಕೇಳಿದಾಗ ಅತ್ತೆ ಬಲತೋಳು ಒಡ್ಡಿದರು. ಎಡಭುಜದ ಮೇಲೆ ಸೆರಗಿತ್ತು, ಪಿನ್ನು ಹಾಕಿತ್ತು. ಅದನ್ನು ಬಿಚ್ಚುವುದು ಅವರಿಗೆ ಸರಿಬರಲಿಲ್ಲ. ಸೂಜಿ ತೀರಾ ಮೇಲೆ, ಭುಜದ ಕೀಲಿನ ಹತ್ತಿರ ಇಳಿಯಿತು. ಆಮೇಲೆ ಆ ಕೈ ಎದೆಯಿಂದ ಮೇಲಕ್ಕೆ ಏಳಲಿಲ್ಲ.

ನನ್ನ ಗಂಡನ ಆಫೀಸಿನ ವಿಮೆಯಲ್ಲಿ ಸಿಗುತ್ತಿದ್ದ ಫಿಸಿಯೋಥೆರಪಿ ಮುಗಿದುಹೋಯಿತು. ಸೂಜಿ ತಪ್ಪು ಜಾಗಕ್ಕೆ ಹಾಕಿದರೆಂದು ನಾವು ಕ್ಲೇಮು ಹಾಕಿದ್ದೆವು; ಕ್ಲಿನಿಕ್ಕಿನ ವಿಮೆಯವರು ಪರಿಹಾರಕ್ಕೆ ಒಪ್ಪಿದರೆ ಮಾತ್ರ ಮುಂದುವರಿಸಬಹುದಿತ್ತು. ಇಲ್ಲದಿದ್ದರೆ ಭುಜ ಹಾಗೆಯೇ ಬಿಗಿದುಕೊಂಡೀತು ಎಂದರು ಡಾಕ್ಟರು. ದಿನದ ಕೆಲಸಗಳಿಗೆ ಎಷ್ಟು ತೊಂದರೆ ಎಂದು ಕೇಳಲು ವಿಮೆ ಕಂಪನಿ ಒಬ್ಬ ಹೆಂಗಸನ್ನು ಮನೆಗೆ ಕಳಿಸಿತು.

ಬೆಳಿಗ್ಗೆ ಅತ್ತೆಗೆ ತುರುಬು ಕಟ್ಟುತ್ತ ಪಾಠ ಹೇಳಿದೆ. "ಅವ್ರು ಕೇಳಿದ್ರೆ ಇರೋದನ್ನ ಇರೋ ಹಾಗೆ ಹೇಳಿ ಅತ್ತೆ. ಪರ್ವಾಗಿಲ್ಲ ಅನ್ಬೇಡಿ."

"ಮನೆಗೆ ಬಂದೋರ ಮುಂದೆ ಅಳ್ತಾ ಕೂತ್ಕೊಳಕ್ಕಾಗತ್ತೇನೆ?"

"ಅಳ್ಬೇಡಿ. ಕ್ಲೇಮಲ್ಲಿ ಇರೋದನ್ನ ಹೇಳಿ, ಸಾಕು."

"ಮೊದ್ಲು ಕೂದ್ಲು ಬಿಡು, ಎಳೀತಿದೆ. ಭುಜಕ್ಕಿಂತ ಇದೇ ಜಾಸ್ತಿ ನೋವು. ಇದನ್ನೂ ಸೇರ್ಸು ಕ್ಲೇಮಲ್ಲಿ."

ಆಕೆ ಬಂದಳು. ಕೈ ಹೇಗಿದೆ ಎಂದಳು. ಅತ್ತೆ ನಕ್ಕು, "ಫೈನ್, ಫೈನ್. ಯು ಟೇಕ್ ಕಾಫಿ?" ಎಂದರು. ಅಡುಗೆ? "ಫೈನ್." ಬಟ್ಟೆ ಹಾಕಿಕೊಳ್ಳುವುದು? "ಡಾಟರ್-ಇನ್-ಲಾ ವೆರಿ ಗುಡ್ ಗರ್ಲ್." ನಾನು ಬಾಯಿ ಹಾಕಿದರೆ, ಅವರೇ ಹೇಳಲಿ ಎಂದು ಆಕೆ ನಯವಾಗಿ ತಡೆದಳು. ಮೇಜಿನ ಕೆಳಗೆ ಅತ್ತೆಯ ಕಾಲು ತುಳಿದೆನೆಂದು ಈಗಲೂ ಹೇಳಿಕೊಳ್ಳುತ್ತೇನೆ. ತುಳಿದೆನೋ, ತುಳಿಯಬೇಕೆನಿಸಿತ್ತೋ.

ಆಕೆ ಹೊರಟಾಗ ಅತ್ತೆ "ಒನ್ ಮಿನಿಟ್" ಎಂದು ಕುಂಕುಮದ ಬಟ್ಟಲು ತಂದರು. ಮನೆಗೆ ಬಂದ ಹೆಣ್ಣನ್ನು ಬರಿದೇ ಕಳಿಸುವುದುಂಟೆ? ಬಲಗೈ ಬೆರಳು ಅದ್ದಿ ಎತ್ತಿದರು. ಕೈ ಎದೆಯ ಮಟ್ಟಕ್ಕೆ ಬಂದು ನಿಂತಿತು. ಮತ್ತೆ ಎತ್ತಿದರು, ಮುಖ ಬಿಳಿಚಿತು. ಎಡಗೈಯಲ್ಲಿ ಕುಂಕುಮ ಇಡುವ ಹಾಗಿಲ್ಲ. ಬಟ್ಟಲನ್ನು ನನಗೆ ಕೊಟ್ಟು, ಎಡಗೈಯಿಂದ ಬಲಮೊಣಕೈಯನ್ನು ಮೇಲಕ್ಕೆ ತಳ್ಳತೊಡಗಿದರು. ಆ ಎತ್ತರದ ಹೆಂಗಸು ನೋಡುತ್ತ ನಿಂತಿದ್ದಳು. ಕೊನೆಗೆ ಮಂಡಿ ಬಗ್ಗಿಸಿ ಹಣೆಯನ್ನೇ ಬೆರಳಿನ ಬಳಿಗೆ ತಂದಳು.

ಪರಿಹಾರಕ್ಕೆ ಒಪ್ಪಿಗೆ ಸಿಕ್ಕಿತು. ಮರುವರ್ಷದ ಹೊತ್ತಿಗೆ ಅತ್ತೆ ತಮ್ಮ ತುರುಬು ತಾವೇ ಕಟ್ಟಿಕೊಳ್ಳತೊಡಗಿದರು, ನಾನು ಕಟ್ಟುತ್ತಿದ್ದುದಕ್ಕಿಂತ ಸೊಗಸಾಗಿ.

ಆದರೆ ಕೈ ಕೆಟ್ಟ ಮೇಲೆ, ಆಕೆ ಬರುವುದಕ್ಕೆ ಮೊದಲೇ, ಅವರು ಬಂದವರಿಗೆಲ್ಲ ಕುಂಕುಮದ ಬಟ್ಟಲನ್ನೇ ಮುಂದೆ ಹಿಡಿಯುತ್ತಿದ್ದರು, ಅವರವರೇ ಇಟ್ಟುಕೊಳ್ಳಲೆಂದು. ಹಾಗೆಂದು ನನ್ನ ನೆನಪು ಹೇಳುತ್ತದೆ. ಅದನ್ನು ಎಷ್ಟು ನಂಬಲಿ? ಮೊನ್ನೆ ಅವರು ಅವರೆಕಾಳು ಸುಲಿಯುತ್ತಿದ್ದಾಗ ಕೇಳಿಯೇಬಿಟ್ಟೆ.

"ಅತ್ತೆ, ಅವತ್ತು ಅವ್ಳೊಬ್ಬಳಿಗೆ ಮಾತ್ರ ನೀವೇ ಯಾಕೆ ಕುಂಕುಮ ಇಡಕ್ಕೆ ಹೋದ್ರಿ?"