ದನದ ಡಾಕ್ಟರ ಕಾಂಟೆಸ್ಸಾ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಏನೂ ಆಗಿರದ ಒಂದು ಕಾರನ್ನು ಬರೀ ನಾಲಿಗೆಯಿಂದ ಕೆಡಿಸಿದವನು ನಾನು.

ಕಳೆದ ವಾರ ಮನೆಗೆ ಬಣ್ಣ ಹೊಡೆಯಲು ಬಂದವನು ಟರ್ಪೆಂಟೈನ್ ಡಬ್ಬಿಯ ಮುಚ್ಚಳ ತೆಗೆದ. ಆ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ಹಿರಿಯೂರಿನ ನಮ್ಮ ಬೀದಿಯ ದನದ ಡಾಕ್ಟರ ಕಾರಿನ ಹಿಂದಿನ ಸೀಟಿನಲ್ಲಿದ್ದೆ. ಹೊಟ್ಟೆಯುಬ್ಬರ ಬಂದ ಹಸುಗಳಿಗೆ ಕುಡಿಸಲು ಅವರು ಒಂದು ಬಾಟಲಿ ಟರ್ಪೆಂಟೈನ್ ಎಣ್ಣೆಯನ್ನು ಸದಾ ಅಲ್ಲಿ ಇಟ್ಟಿರುತ್ತಿದ್ದರು. ಮುಂದಿನ ಸೀಟು ಅವರ ಔಷಧಿ ಪೆಟ್ಟಿಗೆಗೆ ಮೀಸಲು. ಹಿಂದೆ ನಾನು ಮತ್ತು ಆ ಬಾಟಲಿ. ಇಬ್ಬರಲ್ಲಿ ಉಪಯೋಗಕ್ಕೆ ಬರುತ್ತಿದ್ದದ್ದು ಬಾಟಲಿ ಒಂದೇ.

ತೊಂಬತ್ತರ ದಶಕದ ಕೊನೆಯ ಮಾತು. ನಾನು ಚಿತ್ರದುರ್ಗದಲ್ಲಿ ಬಿ.ಎ. ಓದುತ್ತಿದ್ದೆ, ಅಂದರೆ ದಿನಾ ಹೋಗಿ ಬರುತ್ತಿದ್ದೆ. ಪ್ರಿನ್ಸಿಪಾಲರ ಕೆಮ್ಮು, ಕಂಡಕ್ಟರನ ಸೀಟಿ, ನಮ್ಮಪ್ಪ ನನಗೆ ಬಯ್ಯುವ ಧಾಟಿ, ಎಲ್ಲವನ್ನೂ ಅನುಕರಿಸುವುದೇ ನನ್ನ ಮುಖ್ಯ ವಿಷಯ. ಸೋಮವಾರ ಡಾಕ್ಟರಿಗೆ ದುರ್ಗದ ಕಚೇರಿಯಲ್ಲಿ ಮೀಟಿಂಗು. ಬಸ್ಸಿಗೆ ಕಾಯುತ್ತ ನಿಂತಿದ್ದ ನನ್ನನ್ನು ಹತ್ತಿಸಿಕೊಳ್ಳುತ್ತಿದ್ದರು.

ದನ ನೋಡಲು ಕಾಂಟೆಸ್ಸಾದಂಥ ದೊಡ್ಡ ಕಾರಿನಲ್ಲಿ ಬರುವ ಡಾಕ್ಟರು ಜಿಲ್ಲೆಗೆ ಅವರೊಬ್ಬರೇ ಇದ್ದಿರಬೇಕು. ಯಲ್ಲದಕೆರೆಯಲ್ಲಿ ಅವರು ಹಸುವಿನ ಹೊಟ್ಟೆಗೆ ಕಿವಿಯಿಟ್ಟು ಕೂತಿದ್ದರೆ ಊರಿನ ಅರ್ಧ ಜನ ಕಾರಿನ ಸುತ್ತ ನಿಂತಿರುತ್ತಿದ್ದರು. ಐದು ಗೇರು. ಬೇರೆಯವರ ಗಾಡಿಗಳು ನಾಲ್ಕಕ್ಕೇ ಸುಸ್ತಾಗುತ್ತಿದ್ದ ಕಾಲ ಅದು. ಐಮಂಗಲ ದಾಟುತ್ತಲೇ ಡಾಕ್ಟರು ಐದನೇ ಗೇರಿಗೆ ಹಾಕಿ, ತಲೆಯನ್ನು ಒಂದಿಷ್ಟು ಬಲಕ್ಕೆ ವಾಲಿಸಿ, ಎಂಜಿನ್ ಸದ್ದನ್ನು ಕೇಳುತ್ತ ಓಡಿಸುತ್ತಿದ್ದರು. ಮೀಟರಿನ ಕಡೆ ಕಣ್ಣು ಹಾಕಿದ್ದನ್ನು ನಾನು ಕಂಡಿಲ್ಲ. ಗೇರು ಬದಲಿಸಲೂ ಕಿವಿ, ಬ್ರೇಕು ಹಾಕಲೂ ಕಿವಿ... ಗಾಡಿಗೆ ಹತ್ತು ವರ್ಷ ದಾಟಿತ್ತು. ಇದನ್ನು ಕೊಟ್ಟು ಸಣ್ಣದೊಂದು ಹೊಸ ಕಾರು ತಗೊಳ್ಳಿ ಅಂತ ಅವರ ಮನೆಯವರು ಹೇಳುತ್ತಲೇ ಇದ್ದರು. ಇವರು ಆ ಮಾತು ಬಂದ ಕೂಡಲೇ ಎದ್ದು ಕಾರು ಒರೆಸಲು ಹೋಗುತ್ತಿದ್ದರು.

ಒಂದು ಸೋಮವಾರ ನನಗೆ ಕೀಟಲೆ ಹುಟ್ಟಿತು. ಗಾಡಿ ನೂರು ಮುಟ್ಟಿದಾಗ ಬಾಯಿ ಮುಚ್ಚಿಕೊಂಡೇ ನಾಲಿಗೆಯನ್ನು ಅಂಗುಳಕ್ಕೆ ಬಡಿದು ಟೊಕ್... ಟೊಕ್... ಅಂದೆ. ಬೇರಿಂಗ್ ಹೋದ ಎಂಜಿನ್ನು ಹಾಗೇ ಬಡಿದುಕೊಳ್ಳುತ್ತದೆ, ಗ್ಯಾರೇಜಿನ ಮುಂದೆ ನಿಂತು ಕಲಿತಿದ್ದೆ. ಡಾಕ್ಟರು ತಟ್ಟನೆ ಆಕ್ಸಿಲರೇಟರಿನಿಂದ ಕಾಲು ತೆಗೆದರು. ನಾನೂ ನಿಲ್ಲಿಸಿದೆ. ಅವರ ಮುಖ ನೋಡಿ ನಗು ತಡೆಯಲಾಗದೆ ಕಿಟಕಿಯ ಕಡೆ ತಿರುಗಿದೆ. ದುರ್ಗ ಬಂದ ಮೇಲೆ ಹೇಳಿದರಾಯಿತು ಅಂದುಕೊಂಡೆ. ಹೇಳಲಿಲ್ಲ. ಮುಂದಿನ ಸೋಮವಾರ ಮತ್ತೆ ಮಾಡಿದೆ, ಅದರ ಮುಂದಿನ ಸೋಮವಾರವೂ. ನನ್ನ ಜೀವಮಾನದ ಅತ್ಯುತ್ತಮ ಪ್ರದರ್ಶನ ಅದು, ಚಪ್ಪಾಳೆ ಹೊಡೆಯುವವರು ಮಾತ್ರ ಇರಲಿಲ್ಲ.

ಡಾಕ್ಟರು ಗಾಡಿಯನ್ನು ಗ್ಯಾರೇಜಿಗೆ ಒಯ್ದರು. ಮೇಸ್ತ್ರಿ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ತನ್ನ ಕಿವಿಗೂ ಒತ್ತಿಕೊಂಡು ಅರ್ಧ ಗಂಟೆ ಕೇಳಿ, ಗಾಡಿ ಗಡಿಯಾರದ ಹಾಗಿದೆ ಅಂದ. ಇಪ್ಪತ್ತೈದು ವರ್ಷ ದನದ ಹೊಟ್ಟೆಗೆ ಕೊಟ್ಟ ಕಿವಿ ನನ್ನದು, ನೀನೇನು ಹೇಳ್ತೀಯ ಅಂತ ಇವರು ಸಿಟ್ಟು ಮಾಡಿಕೊಂಡು ಬಂದರಂತೆ.

ಆಮೇಲೆ ಒಂದು ಶನಿವಾರ ಅಮ್ಮ ಹೇಳಿದ ಸುದ್ದಿಗೆ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಡಾಕ್ಟರು ಕಾರು ಕೊಟ್ಟುಬಿಡುತ್ತಾರಂತೆ. ಹೊಸದುರ್ಗದ ಕೊಬ್ಬರಿ ವ್ಯಾಪಾರಿಯೊಬ್ಬರು ನಾಳೆ ನೋಡಲು ಬರುತ್ತಾರಂತೆ. ಕೈ ತೊಳೆದೆನೋ ಇಲ್ಲವೋ ನೆನಪಿಲ್ಲ, ಓಡಿದೆ.

ಅವರು ಬಾನೆಟ್ ಒರೆಸುತ್ತಿದ್ದರು. ನಾನು ಎಲ್ಲವನ್ನೂ ಒದರಿದೆ. ಸಾಕ್ಷಿಗೆ ಅಲ್ಲೇ ಟೊಕ್ ಟೊಕ್ ಅಂತ ಮಾಡಿಯೂ ತೋರಿಸಿದೆ. ಕೆನ್ನೆಗೆ ಒಂದು ಬೀಳುತ್ತದೆ, ಗಾಡಿ ಉಳಿಯುತ್ತದೆ, ಇಷ್ಟೇ ನನ್ನ ಲೆಕ್ಕ. ಅವರು ಕೈಯೆತ್ತಲಿಲ್ಲ. ನನ್ನ ಬಾಯನ್ನೇ ನೋಡುತ್ತ ಕೇಳಿದರು:

"ಮೊನ್ನೆ ಬುಧವಾರ ಯಲ್ಲದಕೆರೆಗೆ ಹೋಗಿದ್ನಲ್ಲ, ಅವತ್ತು ನೀನಿದ್ಯೇನಲೇ?"

ಇರಲಿಲ್ಲ ಅಂದೆ. ಬುಧವಾರ ನಾನು ಕಾಲೇಜಿನಲ್ಲಿದ್ದೆ.

"ಅವತ್ತೂ ಕೇಳ್ತು," ಅಂದರು.

ಅವರು ಬಟ್ಟೆಯನ್ನು ಮಡಚಿಟ್ಟು, ಕಾರು ಹತ್ತು ಅಂದರು. ಬಬ್ಬೂರಿನ ಕಡೆ ಗಾಡಿ ತಿರುಗಿಸಿದರು. ನಾನು ಹಿಂದೆ ತಿರುಗಿ ನೋಡುವುದಿಲ್ಲ, ನಿನಗೆ ತೋಚಿದಾಗ ಸದ್ದು ಮಾಡು, ತೋಚದಿದ್ದರೆ ಸುಮ್ಮನಿರು, ಯಾವಾಗ ಮಾಡಿದೆ, ಯಾವಾಗ ಸುಮ್ಮನಿದ್ದೆ ಅಂತ ನಾನು ಹೇಳುತ್ತೇನೆ ಅಂದರು. ಕನ್ನಡಿಯನ್ನೂ ಮೇಲಕ್ಕೆ ತಿರುಗಿಸಿದರು.

ಮೊದಲ ಸಲ ಸರಿಯಾಗಿ ಹೇಳಿದರು. ಆಮೇಲೆ ನಾನು ತುಟಿ ಬಿಗಿದು ಕೂತಿದ್ದಾಗ, "ಈಗ ಮಾಡ್ತಿದೀಯ," ಅಂದರು. ಇಲ್ಲ ಡಾಕ್ಟ್ರೇ ಅಂದೆ. ಮತ್ತೊಂದು ಮೈಲಿ. ಈ ಸಲವಾದರೂ ಅವರು ಗೆಲ್ಲಲಿ ಅಂತ ನಾಲಿಗೆ ನೋಯುವಷ್ಟು ಜೋರಾಗಿ ಬಡಿಯುತ್ತಿದ್ದೆ.

"ಯಾಕಲೇ ಸುಮ್ನಾದೆ?" ಅಂತ ಕೇಳಿದರು.

ನನ್ನ ನಾಲಿಗೆ ಇನ್ನೂ ಆಡುತ್ತಲೇ ಇತ್ತು... ಅದನ್ನು ನಿಲ್ಲಿಸಲೂ ನನಗೆ ತೋಚಲಿಲ್ಲ. ಎಲ್ಲರ ದನಿಯೂ ಬರುವ ಈ ಬಾಯಿಗೆ ಆಗ ತನ್ನ ದನಿಯೇ ಹೊರಡಲಿಲ್ಲ. ಅವರು ಕನ್ನಡಿಯನ್ನು ಕೆಳಕ್ಕೆ ತಿರುಗಿಸಿ, ಇನ್ನೂ ಆಡುತ್ತಿದ್ದ ನನ್ನ ದವಡೆಯನ್ನು ನೋಡಿದರು. ವಾಪಸ್ಸು ನಿಧಾನವಾಗಿ ಬಂದೆವು, ನಲವತ್ತರಲ್ಲಿ. ಆ ಗಾಡಿ ಅಷ್ಟು ನಿಧಾನ ಹೋಗಬಲ್ಲದೆಂದು ನನಗೆ ಗೊತ್ತೇ ಇರಲಿಲ್ಲ.

ಭಾನುವಾರ ಕಾಂಟೆಸ್ಸಾ ಹೊಸದುರ್ಗಕ್ಕೆ ಹೋಯಿತು. ತಿಂಗಳೊಳಗೆ ಬಿಳಿಯ ಪುಟ್ಟ ಕಾರೊಂದು ಬಂತು. ಆ ಕಾರಿನಲ್ಲೂ ಸೋಮವಾರ ನನ್ನನ್ನು ಹತ್ತಿಸಿಕೊಂಡರು, ಒಂದು ಮಾತೂ ಎತ್ತದೆ. ನಾನು ಬಾಯಿಯನ್ನು ಆಕಳಿಸಲೂ ತೆರೆಯಲಿಲ್ಲ.

ಡಾಕ್ಟರು ತೀರಿಹೋಗಿ ಎರಡು ವರ್ಷವಾಯಿತು. ಕೊನೆಕೊನೆಗೆ ಹತ್ತಿರ ನಿಂತು ಕೂಗಿದರೂ ಅವರಿಗೆ ಕೇಳಿಸುತ್ತಿರಲಿಲ್ಲವಂತೆ. ಗೆಳೆಯರು ಈಗಲೂ ಎಲ್ಲರ ದನಿಯನ್ನೂ ನನ್ನಿಂದ ಮಾಡಿಸುತ್ತಾರೆ, ದನದ ಡಾಕ್ಟರದ್ದು ಮಾಡೋ ಅಂದರೆ ಮಾತ್ರ ಒಲ್ಲೆ ಅನ್ನುತ್ತೇನೆ. ಹಾಗಾಗಿ ಅವರ ಒಂದು ಮಾತನ್ನು ಇಲ್ಲಿ ಬರೆದೇ ಇಡುತ್ತಿದ್ದೇನೆ. ಆ ಶನಿವಾರ ಬಬ್ಬೂರಿನಿಂದ ಬಂದು ಮನೆ ಮುಂದೆ ಇಳಿದಾಗ ನಾನು ಅವರ ಕೈ ಹಿಡಿದು, ಗಾಡಿಯದೇನೂ ತಪ್ಪಿಲ್ಲ, ಮಾರಬೇಡ್ರಿ ಅಂತ ಅತ್ತಿದ್ದೆ. ಅವರು ಕೈ ಬಿಡಿಸಿಕೊಂಡು, ಕೀಲಿಯನ್ನು ಜೇಬಿಗೆ ಹಾಕಿಕೊಂಡು ಅಂದರು:

"ಗಾಡಿ ಚೆನ್ನಾಗೈತೆ ಕಣಲೇ, ಕೆಟ್ಟಿರೋನು ಡ್ರೈವರು. ಅವನನ್ನ ಯಾರೂ ಕೊಳ್ಳಲ್ಲ, ಅದಕ್ಕೇ ಗಾಡಿ ಮಾರ್ತಿದೀನಿ."