ಹೈಬ್ರಿಡ್ ಕಾರಿನ ಆಯಿಲ್ ಮತ್ತು ಸೋದರಮಾವನ ತೀರ್ಪು

ಗೆಳೆಯರೇ, ಇವತ್ತು ಬೆಳಿಗ್ಗೆ ನಮ್ಮ ಹೈಬ್ರಿಡ್ ಕಾರಿನ ಎಂಜಿನ್ ಆಯಿಲ್ ವಿಷಯಕ್ಕೆ ಮನೆಯಲ್ಲಿ ಜಗಳವಾಯಿತು. ಹೆಂಡತಿ ದಿನಾ ಅದೇ ಕಾರಿನಲ್ಲಿ ಬಳ್ಳಾರಿಯಿಂದ ಕುರುಗೋಡಿಗೆ ಪಾಠ ಮಾಡಲು ಹೋಗುತ್ತಾಳೆ.

"ಅರ್ಧ ದಾರಿ ಬ್ಯಾಟರಿ ಮ್ಯಾಲೆ ಓಡತೈತಿ. ಆಯಿಲ್ ಎರಡು ವರ್ಷ ಬರತೈತಿ ಬಿಡು" ಎಂದೆ.

"ಎಂಜಿನ್ ಕಮ್ಮಿ ಓಡಿದ್ರೂ ಆಯಿಲ್ ಹಳೇದಾಗತೈತ್ರಿ. ಕಿಲೋಮೀಟರ್ ಆಗದಿದ್ರೂ ವರ್ಷಕ್ಕೊಮ್ಮೆ ಬದಲಸಬೇಕು" ಎಂದಳು.

ನನ್ನ ಪರ ಮಾತಾಡಲಿ ಎಂದು, ಟ್ರ್ಯಾಕ್ಟರ್ ಇಟ್ಟಿರುವ ತೆಕ್ಕಲಕೋಟೆಯ ಸೋದರಮಾವನಿಗೆ ಫೋನ್ ಹಚ್ಚಿ ಸ್ಪೀಕರ್‌ಗೆ ಹಾಕಿದೆ.

ಎಲ್ಲ ಕೇಳಿಸಿಕೊಂಡ ಮಾವ, "ಕಾರು ಯಾರು ಓಡಸ್ತಾರಲೇ?" ಎಂದರು.

"ಆಕಿನ."

"ಮತ್ತ ನಡುವ ನಿಂದೇನೈತಿ?"

ಮಧ್ಯಾಹ್ನವೇ ಹೊಸ ಆಯಿಲ್ ಹಾಕಿಸಿದೆವು. ವಾಪಸ್ ಬರುವಾಗ ಅವಳೇ ಕಾರು ನಿಲ್ಲಿಸಿ ಬಿಸಿ ಮಿರ್ಚಿ ಬಜ್ಜಿ ಕೊಡಿಸಿದಳು. ಸೋತರೆ ಮಿರ್ಚಿ ಸಿಗುತ್ತದೆಂದು ಗೊತ್ತಿದ್ದರೆ ಹೋದ ತಿಂಗಳೇ ಸೋಲುತ್ತಿದ್ದೆ.